ನಿನ್ನ ಹಾಲ್ ಟಿಕೆಟ್

ಇವಳೇ,

ನೀನು ಹೋದಮೇಲೆ ಮಗಳು ನಿನ್ನ ಸಬ್ಜೆಕ್ಟನ್ನೇ ಓದಿದಳು. ಹಿಸ್ಟರಿ ಓದಿದರೆ ಯಾರು ಕೆಲಸ ಕೊಡ್ತಾರೆ ಅಂತ ನಿನ್ನ ಬಾಯಿ ಮುಚ್ಚಿಸುತ್ತಿದ್ದೆನಲ್ಲ, ಅವಳಿಗೆ ದಾಖಲೆಗಳ ಇಲಾಖೆಯೇ ಕೊಟ್ಟಿದೆ.

ಇವತ್ತು ಪಿಂಚಣಿ ಕಾಗದ ತೆಗೆದುಕೊಡು ಅಂತ ಬೀಗದ ಕೈ ಕೊಟ್ಟವನೂ ನಾನೇ. ನಿನ್ನ ಕೊನೇ ವರ್ಷದ ಹಾಲ್ ಟಿಕೆಟ್ ಹಿಡಿದು ಬಂದಳು.

“ಇದು ಕಳೆದುಹೋಗಿ ತಾನೇ ಅಮ್ಮ ಪರೀಕ್ಷೆ ಬರೀಲಿಲ್ಲ? ನೀವೂ ಮಂಚದ ಕೆಳಗೆಲ್ಲ ಬಗ್ಗಿ ಹುಡುಕಿದ್ರಂತೆ.”

“ಹಳೇ ಕಥೆ ಬಿಡೇ. ಎವಿಡೆನ್ಸೋ ಆರ್ಗ್ಯುಮೆಂಟೋ, ಅದೆಲ್ಲ ನಿಮ್ಮ ಆಫೀಸಲ್ಲಿ ಇಟ್ಕೋ,” ಎಂದು ಕನ್ನಡಕ ಒರೆಸಿದೆ.

“ಆಫೀಸಲ್ಲಿ ಕಾಗದ ಸಿಕ್ಕಿದ ತಕ್ಷಣ, ಎಲ್ಲಿ ಸಿಕ್ತು ಅಂತ ಮೊದಲು ಬರೀತೀವಿ.” ದನಿ ಏರಿಸಲಿಲ್ಲ, ನಿನ್ನ ಹಾಗೇ.

ಚೀಟಿಯೊಂದರಲ್ಲಿ ಬರೆದು ಮುಂದಿಟ್ಟಳು: ಅಪ್ಪನ ಬೀರು, ಮೇಲಿನ ಖಾನೆ, ಬೀಗ ಹಾಕಿತ್ತು.

“ಸರಿಯಿದೆಯಾ ಅಪ್ಪಾ?”

ಅವಳಿಗೆ ಹೇಳಲಾಗಲಿಲ್ಲ. ಸರಿಯಿದೆ ಕಣೇ.