ನಾರಿನ ಗಿಡಕ್ಕೆ ಹೂವಿನ ಗೊಬ್ಬರ

ಮಾನ್ಯ ಜಿಲ್ಲಾ ಕೃಷಿ ಅಧಿಕಾರಿಗಳೇ,

ನಿಮ್ಮ ಗೊಬ್ಬರದ ದಯೆಯಿಂದ ನನ್ನ ಅತ್ತೆಗೆ ಸಾಯಲು ಬಟ್ಟೆಯಿಲ್ಲ.

ಚಿಯಾಂಗ್ ರಾಯ್ ಬೆಟ್ಟದ ಹ್ಮೋಂಗ್ ಬುಡಕಟ್ಟಿನ ಹೆಂಗಸರು ನಾವು ಗಾಂಜಾ ಬೆಳೆಯುವುದು ಹೂವಿಗಲ್ಲ, ನಾರಿಗೆ. ಸತ್ತಾಗ ಆ ನಾರಿನ ಲಂಗ ಉಟ್ಟು ಹೋದರಷ್ಟೇ ಆಚೆ ಲೋಕದ ಹಿರಿಯರು ಗುರುತು ಹಿಡಿದು ಒಳಗೆ ಕರೆಯುತ್ತಾರೆ. ಹಂದಿ ದೊಡ್ಡಿಯನ್ನು ಬೇರೆಡೆಗೆ ಸರಿಸಿ, ಗೊಬ್ಬರ ಕುಡಿದ ಆ ಹಳೆಯ ಜಾಗದಲ್ಲಿ ಬೀಜವನ್ನು ಒತ್ತೊತ್ತಾಗಿ ಚೆಲ್ಲುತ್ತೇವೆ. ಇಕ್ಕಟ್ಟಿನಲ್ಲಿ ಗಿಡ ಕೊಂಬೆ ಬಿಡದೆ ನೆಟ್ಟಗೆ ಏಳುತ್ತದೆ. ನಾರು ಕಡಿಯದೆ ಉದ್ದಕ್ಕೆ ಸುಲಿದು ಬರುತ್ತದೆ.

ಕಳೆದ ವರ್ಷ ಪರವಾನಗಿಗಾಗಿ ಮಣ್ಣು ಪರೀಕ್ಷಿಸಲು ನಿಮ್ಮ ಸಿಬ್ಬಂದಿ ಬಂದರು. ದೊಡ್ಡಿಯ ನಾತಕ್ಕೆ ಹೇಸಿ, ಪಕ್ಕದ ಮೆಕ್ಕೆಜೋಳದ ಹೊಲದ ಬಡ ಮಣ್ಣನ್ನು ಚೀಲಕ್ಕೆ ತುಂಬಿಕೊಂಡು ಹೋದರು. ಅಪ್ಪಣೆ ಬಂತು: ಸಾರಜನಕ ಕಡಿಮೆ, ಯೂರಿಯಾ ಹಾಕಿ, ಗಿಡಕ್ಕೂ ಗಿಡಕ್ಕೂ ಒಂದು ಮಾರು ಅಂತರವಿರಲಿ, ಗಂಡು ಗಿಡ ಕಂಡಲ್ಲಿ ಕಿತ್ತೆಸೆಯಿರಿ.

"ಉಂಡು ತೇಗಿದವನಿಗೆ ಮತ್ತೆ ಬಡಿಸ್ತೀಯಲ್ಲಪ್ಪ," ಅಂದರು ನನ್ನ ಅತ್ತೆ ಜೂವಾ, ಅಪ್ಪಣೆ ತಂದ ನಿಮ್ಮ ಹುಡುಗನಿಗೆ.

"ಇದು ವಿಜ್ಞಾನ ಅಜ್ಜಿ."

"ಹಾಗಾದ್ರೆ ನಿನ್ನ ವಿಜ್ಞಾನಕ್ಕೆ ನೆಗಡಿಯಾಗಿದೆ. ಇಷ್ಟು ನಾತ ಹೊಡೀತಿದ್ರೂ ಗೊತ್ತಾಗ್ತಿಲ್ಲ!"

ಪರವಾನಗಿ ರದ್ದಾದೀತೆಂಬ ಭಯಕ್ಕೆ ಹೇಳಿದಂತೆ ಮಾಡಿದೆವು. ಏನು ಹಸಿರು, ಏನು ಸೊಂಪು! ಊರೇ ಬಂದು ನೋಡಿ ಹೋಯಿತು. ಸುಲಿಯಲು ಕೂತಾಗ ಪ್ರತಿ ಕೊಂಬೆಯ ಬುಡದಲ್ಲೂ ನಾರು ತುಂಡಾಯಿತು. ಬೀಜವೂ ಕಟ್ಟಲಿಲ್ಲ. ಗಂಡಿಲ್ಲದೆ ಬೀಜ ಎಲ್ಲಿಂದ ಬರಬೇಕೆಂದು ನಿಮ್ಮ ಕಚೇರಿ ಎಣಿಸಿತ್ತು? ನಿಮ್ಮ ಗೋದಾಮಿನಿಂದಲೇ? ಕವಿತೆ ಓದುವ ಚಟ ನನಗೆ. ಅಲ್ಲೂ ಕೊಬ್ಬಿದ ಸಾಲೇ ಮೊದಲು ಮುರಿಯುವುದು. ಪುಣ್ಯಕ್ಕೆ, ಕವಿತೆ ಇನ್ನೂ ನಿಮ್ಮ ಇಲಾಖೆಗೆ ಸೇರಿಲ್ಲ.

ಎಂಬತ್ತು ದಾಟಿದ ಅತ್ತೆ ಆ ತುಂಡು ನಾರನ್ನು ಮಡಿಲಲ್ಲಿಟ್ಟುಕೊಂಡು, "ಸಾಹೇಬ್ರನ್ನ ಕೇಳೇ, ಒಂದು ವರ್ಷ ತಡವಾಗಿ ಸಾಯೋಕೆ ಪರವಾನಗಿ ಕೊಡ್ತಾರಾ?" ಅಂದರು. ನಾನು ನಕ್ಕೆ. ಅವರು ನಗಲಿಲ್ಲ.

ಮೇಲಿನ ಹಳ್ಳಿಯಲ್ಲಿ ಅತ್ತೆಯ ತಂಗಿಯ ಬಳಿ ನಮ್ಮ ತಳಿಯ ಎರಡು ಬೊಗಸೆ ಬೀಜ ಉಳಿದಿದೆ. ನಿಮ್ಮ ಮುದ್ರೆಯಿಲ್ಲದ ಬೀಜ ಬಿತ್ತುವುದು ಅಪರಾಧವಂತೆ. ಅಂತರ ಬಿಡುವ, ಗಂಡು ಕೀಳುವ ಆ ಹೂವಿನ ಬೆಳೆಗಾರರ ನಿಯಮವನ್ನು ನಮ್ಮ ಮೇಲಿಂದ ತೆಗೆಯಿರಿ. ಈ ತಳಿಗೆ ಅನುಮತಿ ಕೊಡಿ. ಮತ್ತು ದಯವಿಟ್ಟು, ದೊಡ್ಡಿಯ ಮಣ್ಣನ್ನು ದೊಡ್ಡಿಯಿಂದಲೇ ತೆಗೆಯಿರಿ. ಅನುಮತಿ ಕೊಡದಿದ್ದರೂ ಮೊದಲ ಮಳೆಗೆ ಬಿತ್ತುತ್ತೇವೆ, ಒತ್ತೊತ್ತಾಗಿ, ಗಂಡು ಹೆಣ್ಣು ಜೊತೆಯಾಗಿ. ಕೀಳಿಸುವುದಾದರೆ ನೀವೇ ಬನ್ನಿ. ಅತ್ತೆ ದೊಡ್ಡಿಯ ಬಾಯಲ್ಲೇ ಕೂತಿರುತ್ತಾರೆ. ಲಂಗ ಮಗ್ಗದಿಂದ ಇಳಿಯುವವರೆಗೆ ಅವರು ಎಲ್ಲಿಗೂ ಹೋಗುವುದಿಲ್ಲ.

ಇಂತಿ,
ಪರವಾನಗಿಯಿದ್ದೂ ನಾರಿಲ್ಲದ,
ಜೂವಾರ ಸೊಸೆ