ಕಳೆಯೇರಿದ ಜೀವಕೋಶಗಳು

ಮಾರ್ಚ್ ೧೪

ಪ್ರೀತಿಯ ಪುಟ್ಟಾ,

ನಿನ್ನ ಪತ್ರ ಬಂದು ವಾರಗಳೇ ಆದವು. ಅಕ್ಕ ಉತ್ತರ ಬರೆಯಲಿಲ್ಲ ಅಂತ ಮುನಿಸಿಕೊಂಡಿರುತ್ತೀಯ, ಗೊತ್ತು. ಬರೆಯೋಕೆ ಕೂತಾಗಲೆಲ್ಲ ಸಿಟ್ಟು ಬಂದು ಕಾಗದ ಹರಿದು ಎಸೀತಿದ್ದೆ. ಲಿವರಿನ ವೈರಸ್ಸಿಗೆ ಡಾಕ್ಟರು ಬರೆದುಕೊಟ್ಟ ಮಾತ್ರೆ ಮುಟ್ಟದೆ, ಅಂಗಡಿಯವನು ಕೊಟ್ಟ ಟಾನಿಕ್ ಕುಡೀತಾ, "ಮುಖದಲ್ಲಿ ಕಳೆ ಬಂದಿದೆ ಅಕ್ಕಾ, ವೈರಸ್ಸು ಓಡಿಹೋಗಿರಬೇಕು" ಅಂತ ಬರೆದಿದ್ದೀಯ. ಓಡಿಹೋಗೋಕೆ ಅದೇನು ಬೀದಿನಾಯಿಯೇನೋ?

ನಮ್ಮ ಲ್ಯಾಬಿನಲ್ಲಿ ನಡೆದದ್ದು ಕೇಳು. ನಿನಗಿರೋ ವೈರಸ್ಸನ್ನೇ ನಾವು ಲಿವರಿನ ಜೀವಕೋಶಗಳಲ್ಲಿ ಬೆಳೆಸೋದು. ಕೋಶ ಉಸಿರಾಡಿದಾಗ ಒಳಗೆ ಒಂಥರಾ ಕಿಲುಬು ಹುಟ್ಟುತ್ತೆ, ಆಮ್ಲಜನಕದ ಕಾಟ ಅಂತಿಟ್ಟುಕೋ. ಅದು ಹೆಚ್ಚಾದರೆ ಕೋಶ ನರಳುತ್ತೆ. ಕೋಶ ಬೆಳೆಸೋ ನಮ್ಮ ಲ್ಯಾಬಿನ ತಟ್ಟೆಗಳಲ್ಲಿ ಆ ಕಿಲುಬಿನಿಂದ ವೈರಸ್ಸಿಗೂ ತನ್ನ ನಕಲು ತೆಗೆದು ಹೆಚ್ಚೋದು ಕಷ್ಟವಾಗ್ತಿತ್ತು. ನನ್ನ ಜೊತೆ ಕೆಲಸ ಮಾಡೋಳದ್ದು ಮೆತ್ತನೆ ಕರುಳು. ಸೊರಗಿದ ಕೋಶ ನೋಡಲಾರದೆ, ಯಾರನ್ನೂ ಕೇಳದೆ, ಕಿಲುಬು ತಡೆಯೋ ಪುಡಿಯನ್ನ ಅವುಗಳ ಆಹಾರಕ್ಕೆ ಬೆರೆಸಿದಳು. ನಾಲ್ಕು ದಿನದಲ್ಲಿ ಕೋಶಗಳು ಕಳೆಯೇರಿದವು. "ನೋಡೇ, ಬದುಕಿಕೊಂಡವು" ಅಂತ ಕುಣಿದಳು. ಅಳೆದು ನೋಡಿದರೆ ವೈರಸ್ಸು ಹಲವು ಪಟ್ಟು ಹೆಚ್ಚಿತ್ತು. ಹಾವಿಗೆ ಹಾಲೆರೆದ ಹಾಗಾಯ್ತು. ನಿನ್ನ ಟಾನಿಕ್ಕಿನಲ್ಲಿರೋದೂ ಅದೇ ಜಾತಿಯ ಪುಡಿ.

ತಟ್ಟೆಯಲ್ಲಿ ಆದದ್ದು ಮೈಯಲ್ಲೂ ಆಗಲೇಬೇಕು ಅಂತಿಲ್ಲ, ನಮ್ಮ ಲ್ಯಾಬಿನ ಮೇಡಂ ದಿನಾ ಹೇಳ್ತಾರೆ. ಟಾನಿಕ್ಕಿಂದ ನಿನಗೆ ಕೆಡುಕಾಗ್ತಿದೆ ಅಂತ ನಾನು ಆಣೆ ಮಾಡಲಾರೆ. ಆದರೆ ಆ ತಟ್ಟೆ ನೋಡಿದಾಗಿನಿಂದ ನಿನ್ನ ಮುಖದ ಕಳೆ ನೆನೆಸಿಕೊಂಡರೆ ಭಯ ಆಗುತ್ತೆ ಕಣೋ. ಮೇಲೆ ಥಳಕು, ಒಳಗೆ ಹುಳುಕು ಆಗಿದ್ದರೆ ಏನು ಮಾಡಲಿ? ಆಸ್ಪತ್ರೆಗೆ ಹೋಗು, ರಕ್ತ ಪರೀಕ್ಷೆ ಮಾಡಿಸು, ಡಾಕ್ಟರು ಕೊಟ್ಟ ಮಾತ್ರೆ ಶುರು ಮಾಡು.

ನೂರ್ಕಾಲ ಬಾಳು, ಮೊಂಡ.

ನಿನ್ನ
ಅಕ್ಕ

ತಾ.ಕ.: "ಕುಡಿಯೋ ಚಟವಿಲ್ಲ, ಕೆಟ್ಟ ಸಹವಾಸವಿಲ್ಲ, ಇದು ನನಗೇ ಯಾಕೆ ಬಂತು" ಅಂತ ಕೇಳಿದ್ದೆಯಲ್ಲ. ಮೊನ್ನೆ ಅಪ್ಪನನ್ನ ಬಿಡದೆ ಕೇಳಿದೆ. ಫೋನಿನಲ್ಲೇ ಅತ್ತುಬಿಟ್ಟರು. ಅದು ಹೆರಿಗೆಯಲ್ಲಿ ಅಮ್ಮನಿಂದ ನಿನಗೆ ಬಂದದ್ದು. ಅವಳ ಜೀವ ತೆಗೆದದ್ದೂ ಅದೇ, ಅಪ್ಪ ನಮಗೆ ಹೇಳಿದ್ದ ಹಾಗೆ ಜ್ವರವಲ್ಲ. ನೀನು ಅವಳನ್ನ ದ್ವೇಷಿಸಿಬಿಡ್ತೀಯ ಅಂತ ಅಪ್ಪ ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ನಿನ್ನನ್ನ ಹೆರುವಾಗ ಅವಳಿಗೂ ಗೊತ್ತಿರಲಿಲ್ಲ ಪುಟ್ಟಾ. ಸಿಟ್ಟು ಬಂದರೆ ನನ್ನ ಮೇಲೆ ತೀರಿಸಿಕೋ. ಮೊದಲು ಮಾತ್ರೆ ನುಂಗು.