ನಾನು ಮಾಡಿದ ಗೋಧಿ ಚಕ್ಕೆ

ಹೆಬ್ರನ್ ಸ್ಪ್ರಿಂಗ್ಸ್, ಓಹಾಯೋ
9 ಮಾರ್ಚ್ 1897

ಅಕ್ಕ,

ನನ್ನನ್ನು ಆರೋಗ್ಯಧಾಮದ ಅಡುಗೆಮನೆಯಿಂದ ತೆಗೆದು ಬಟ್ಟೆ ಒಗೆಯಲು ಹಾಕಿದ್ದಾರೆ. ಹೋದ ತಿಂಗಳು ಬೇಯಿಸಿದ ಗೋಧಿ ಎರಡು ದಿನ ಉಳಿದು ಹುಳಿ ವಾಸನೆ ಬಂದಿತ್ತು. ಚೆಲ್ಲಲು ಮನಸ್ಸಾಗದೆ ಅದನ್ನು ಹಿಟ್ಟು ಲಟ್ಟಿಸುವ ಜೋಡಿ ಉರುಳೆಗಳ ನಡುವೆ ಹಾಯಿಸಿದೆ. ಒಂದೊಂದು ಕಾಳೂ ತೆಳ್ಳನೆಯ ಚಕ್ಕೆಯಾಗಿ ಉದುರಿತು. ಒಲೆಯಲ್ಲಿಟ್ಟು ಒಣಗಿಸಿದರೆ ಗರಿಗರಿ! ಹಲ್ಲಿಲ್ಲದ ರೋಗಿಗಳೂ ಹಾಲಿಗೆ ಹಾಕಿಕೊಂಡು ತಿಂದರು.

ಮೊನ್ನೆ ಬೆಳಗಿನ ಊಟದ ಹೊತ್ತಿಗೆ, ಇಲ್ಲಿ ಮಾಂಸವನ್ನೇ ನಿಷೇಧಿಸಿರುವ ನಮ್ಮ ದೊಡ್ಡ ಡಾಕ್ಟರು ಭಾಷಣ ಮಾಡುತ್ತಾ, ಪ್ರಾರ್ಥನೆಯಲ್ಲಿದ್ದಾಗ ದೇವರೇ ಈ ಚಕ್ಕೆಯನ್ನು ತಮಗೆ ತೋರಿಸಿದನೆಂದರು. ತಟ್ಟೆ ಹಿಡಿದು ನಿಂತಿದ್ದ ನನಗೆ ತಡೆಯಲಾಗಲಿಲ್ಲ.

"ದೇವರಲ್ಲ ಡಾಕ್ಟರೇ, ತೋರಿಸಿದ್ದು ನಾನು" ಅಂದುಬಿಟ್ಟೆ.

"ನೋಡಮ್ಮ ತೀರ್ಜಾ, ಮಾಂಸಕ್ಕಿಂತ ಜಂಬ ಮೈಗೆ ಕೆಟ್ಟದ್ದು" ಅಂದರು. ಇನ್ನೂರು ರೋಗಿಗಳು ನಕ್ಕರು, ನನ್ನ ಚಕ್ಕೆಯನ್ನೇ ಜಗಿಯುತ್ತಾ.

ಬಟ್ಟೆ ಒಗೆಯುವ ಸೋಡಾದ ನೀರಿಗೆ ಕೈಯೆಲ್ಲ ಬಿರಿದಿದೆ, ಉಳಿದಂತೆ ಆರೋಗ್ಯ. ಡಾಕ್ಟರ ಸಹಿ ಹಾಕಿದ ಚಕ್ಕೆ ಡಬ್ಬಿ ನಿಮ್ಮೂರ ಅಂಗಡಿಗೂ ಬರುತ್ತದಂತೆ. ಕೊಳ್ಳಬೇಡ. ಮಾಡುವ ಬಗೆ ಮೇಲೆಯೇ ಇದೆ, ನೆರೆಯವರಿಗೂ ಹೇಳಿಕೊಡು. ಲಕೋಟೆಗೆ ಹಾಕದೆ ಕಾರ್ಡಿನಲ್ಲಿ ಬರೆದದ್ದು ಬೇಕೆಂದೇ. ದಾರಿಯುದ್ದಕ್ಕೂ ಅಂಚೆಯವರೆಲ್ಲ ಓದಿಕೊಳ್ಳಲಿ.

ನಿನ್ನ ತಂಗಿ
ತೀರ್ಜಾ